ಅಮ್ಮನ ಕೀಲುನೋವಿಗೆ ಅರಿಶಿನ ಕ್ಯಾಪ್ಸೂಲ್, ಪ್ರೋಬಯಾಟಿಕ್, ಮೀನೆಣ್ಣೆ: ಯಾರಾದರೂ ತೆಗೆದುಕೊಂಡಿದ್ದೀರಾ?

ಹಾಸನದ_ಹುಡುಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಿಲ್ಲದೆ ಓದಿ. ಅಮ್ಮನಿಗೆ 56 ವರ್ಷ, ನಾಲ್ಕು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ಬೀಳುವ ಕಾಯಿಲೆ). ಮೊದಲು ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ, ಬಿಸಿನೀರಿನ ಪಾತ್ರೆಯಲ್ಲಿ ಕೈ ಇಟ್ಟುಕೊಂಡು ಒಂದು ಗಂಟೆ ಕೂತಿರುತ್ತಿದ್ದರು. ವಾರಕ್ಕೊಮ್ಮೆ, ಭಾನುವಾರ, ಮೆಥೋಟ್ರೆಕ್ಸೇಟ್ ಮಾತ್ರೆ (ಆ ಕಾಯಿಲೆಯನ್ನು ಹತೋಟಿಯಲ್ಲಿಡುವುದು) ಶುರುವಾದ ಮೇಲೆ ನಿಧಾನಕ್ಕೆ ಸರಿಹೋಯಿತು. ಈಗ ಮುದ್ದೆ ತಿರುವುವಷ್ಟು ಕೈಗೆ ಶಕ್ತಿ ಇದೆ. ಇತ್ತು ಅನ್ನಬೇಕು.

ಹೋದ ತಿಂಗಳು ಚಿಕ್ಕಮ್ಮ ಒಂದು ಕಿಟ್ ತಂದುಕೊಟ್ಟರು. ಮೂರು ಡಬ್ಬ: ಕರಿಮೆಣಸಿನ ಸಾರ ಸೇರಿಸಿದ ಕರ್ಕ್ಯುಮಿನ್ (ಅರಿಶಿನದ ಸಾರ), ಹತ್ತು ತಳಿಯ ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೆಯದು ಎನ್ನುವ ಬ್ಯಾಕ್ಟೀರಿಯಾ), ಮೀನೆಣ್ಣೆ. ತಿಂಗಳಿಗೆ 7,400 ರೂಪಾಯಿ. ಉರಿಯೂತದ ಬೇರೇ ಹೊಟ್ಟೆಯಲ್ಲಿದೆ, ಹೊಟ್ಟೆ ಸರಿ ಮಾಡಿದರೆ ಇಂಗ್ಲಿಷ್ ಮಾತ್ರೆ ಬೇಕಾಗಿಲ್ಲ ಎಂದು ಹೇಳಿದ್ದಾರೆ. ನಾನು ಬೆಂಗಳೂರಲ್ಲಿ ಇರುವುದು, ಈ ಶನಿವಾರ ಊರಿಗೆ ಹೋದಾಗ ನೋಡಿದರೆ ಅಮ್ಮ ಮೂರು ವಾರದಿಂದ ಭಾನುವಾರದ ಮಾತ್ರೆಯನ್ನೇ ನುಂಗಿಲ್ಲ. ಕೇಳಿದರೆ "ಇದು ಊಟದ ಸಾಮಾನು ಕಣೋ, ಇದರಿಂದ ಏನಾಗುತ್ತೆ" ಅಂತಾರೆ. ಬೈಯ್ಯಲೂ ಆಗುತ್ತಿಲ್ಲ. ಈ ಮೂರರಲ್ಲಿ ಯಾವುದಕ್ಕಾದರೂ ನಿಜವಾಗಿ ಬಲ ಇದೆಯಾ? ಅನುಭವ ಇದ್ದವರು ಹೇಳಿ.

ಮಾತ್ರೆ_ಅಂಗಡಿ
ಮೊದಲು ಒಂದು ಮಾತು. ಅಮ್ಮನ ಡಾಕ್ಟರಿಗೆ ನಾಳೆಯೇ ಫೋನ್ ಮಾಡಿ, ಮೂರು ವಾರ ತಪ್ಪಿದೆ ಎಂದು ಹೇಳಿ. ನೀವೇ ಲೆಕ್ಕ ಹಾಕಿ, ಬಿಟ್ಟಿದ್ದನ್ನೆಲ್ಲ ಸೇರಿಸಿ ಒಟ್ಟಿಗೆ ಕೊಡಬೇಡಿ. ಅದು ವಾರದ ಮಾತ್ರೆ. ಯಾರೋ ದಿನಾ ನುಂಗಿಬಿಟ್ಟು ಬಾಯೆಲ್ಲ ಹುಣ್ಣಾಗಿ ರಕ್ತದ ಕಣ ಇಳಿದು ಆಸ್ಪತ್ರೆ ಸೇರಿದ್ದನ್ನು ನಾನೇ ನೋಡಿದ್ದೇನೆ.

ಇನ್ನು ಕಿಟ್ ವಿಷಯ. ಶಿವಮೊಗ್ಗದಲ್ಲಿ 18 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ, ಈ ಡಬ್ಬಗಳನ್ನು ನಾನೂ ಮಾರುತ್ತೇನೆ, ಸುಳ್ಳು ಹೇಳುವುದಿಲ್ಲ. ಮಾತ್ರೆಗಿಂತ ಇದರಲ್ಲೇ ಲಾಭ ಜಾಸ್ತಿ. ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಮೂರರಲ್ಲಿ ರುಮಟಾಯ್ಡ್‌ಗೆ ಸ್ವಲ್ಪ ಗಟ್ಟಿ ಆಧಾರ ಇರುವುದು ಮೀನೆಣ್ಣೆಗೆ. ಆದರೆ ಡಬ್ಬ ತಿರುಗಿಸಿ ಹಿಂದೆ ಓದಿ. ಮುಂದೆ ದಪ್ಪ ಅಕ್ಷರದಲ್ಲಿ 1000 ಮಿಲಿಗ್ರಾಂ ಎಂದಿರುತ್ತದೆ, ಅದು ಎಣ್ಣೆಯ ತೂಕ. ಕೆಲಸ ಮಾಡುವ ಒಮೇಗಾ ಕೊಬ್ಬುಗಳಾದ ಇಪಿಎ, ಡಿಎಚ್‌ಎ ಎರಡೂ ಸೇರಿ ಮಾಮೂಲಿ ಕ್ಯಾಪ್ಸೂಲಿನಲ್ಲಿ 300 ಮಿಲಿಗ್ರಾಂ ಇರುತ್ತದೆ (180 ಮತ್ತು 120). ಕೀಲುನೋವು, ಬೆಳಗಿನ ಬಿಗಿತ ಕಡಿಮೆಯಾಯಿತು ಎಂದು ತೋರಿಸಿದ ಪ್ರಯೋಗಗಳಲ್ಲಿ ದಿನಕ್ಕೆ ಸುಮಾರು 2.7 ಗ್ರಾಂ, ಅದೂ ಮೂರು ತಿಂಗಳು ಕೊಟ್ಟಿದ್ದಾರೆ. ಅಂದರೆ ಆ ಕ್ಯಾಪ್ಸೂಲು ದಿನಕ್ಕೆ ಒಂಬತ್ತು. ಅಮ್ಮ ಎಷ್ಟು ನುಂಗುತ್ತಿದ್ದಾರೆ?

ಹಾಸನದ_ಹುಡುಗ
ದಿನಕ್ಕೆ ಒಂದು ಸಾರ್. ರಾತ್ರಿ ಊಟ ಆದಮೇಲೆ.

ಮಾತ್ರೆ_ಅಂಗಡಿ
ಹಾಗಾದರೆ ಮೀನಿನ ವಾಸನೆಯ ತೇಗು ಬಿಟ್ಟು ಬೇರೆ ಏನೂ ಬಂದಿರಲಿಕ್ಕಿಲ್ಲ. ಹಾಗಂತ ಒಂಬತ್ತು ಶುರು ಮಾಡಿಸಬೇಡಿ ಮತ್ತೆ! ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಎದೆಬಡಿತ ತಾಳ ತಪ್ಪುವ ತೊಂದರೆ ಸ್ವಲ್ಪ ಹೆಚ್ಚು ಕಂಡಿದೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ.

ಕರಾವಳಿ_ಅಕ್ಕ
ನಮ್ಮ ಕಡೆ ಬೂತಾಯಿ, ಬಂಗುಡೆ ತಿನ್ನುವವರು ಇದನ್ನೆಲ್ಲ ಕೇಳಿ ನಗುತ್ತಾರೆ. ಎಣ್ಣೆ ಮೀನು ಎಂದರೆ ಅವೇ. ವಾರಕ್ಕೆ ಎರಡು ಮೂರು ಸಲ ಪುಳಿಮುಂಚಿ ಮಾಡಿದರೆ ಕ್ಯಾಪ್ಸೂಲಿನ ದುಡ್ಡಲ್ಲಿ ಮನೆಯವರೆಲ್ಲ ಉಣ್ಣಬಹುದು. ಆದರೆ ಹುಡುಗಾ, ನಿಮ್ಮ ಅಮ್ಮ ಮೀನು ತಿನ್ನುವವರಾ? ಸಸ್ಯಾಹಾರಿ ಆಗಿದ್ದರೆ ಆ ಕ್ಯಾಪ್ಸೂಲಿನ ಹೊರಗಿನ ಸಿಪ್ಪೆಯೂ ಜೆಲಾಟಿನ್ ಎಂದು ಯಾರಾದರೂ ಹೇಳಿದ್ದಾರಾ?

ಹಾಸನದ_ಹುಡುಗ
ಅಯ್ಯೋ ಅಕ್ಕ. ನಾವು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಡಬ್ಬದ ಮೇಲೆ "ಒಮೇಗಾ" ಎಂದಷ್ಟೇ ದೊಡ್ಡದಾಗಿದೆ. ಅಮ್ಮನಿಗೆ ಅದು ಮೀನಿನದು ಎಂದು ಇನ್ನೂ ಗೊತ್ತಿಲ್ಲ. ಚಿಕ್ಕಮ್ಮನಿಗೂ ಗೊತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಧಾರವಾಡ_ಪೇಡೆ
ಹಂಗಾದ್ರ ಅಗಸಿ ಚಟ್ನಿಪುಡಿ ತಿನ್ನಲಿ ಬಿಡ್ರಿ! ನಮ್ಮ ಅವ್ವ ದಿನಾ ರೊಟ್ಟಿ ಜೊತೆ ತಿಂತಾಳ. ಅದರೊಳಗೂ ಒಮೇಗಾ ಅದ ಅಂತಾರಲ್ಲ.

ಮಾತ್ರೆ_ಅಂಗಡಿ
ಇದೆ, ಆದರೆ ಬೇರೆ ಜಾತಿಯದು. ಅಗಸೆಯಲ್ಲಿರುವುದು ಎಎಲ್‌ಎ ಎಂಬ ಒಮೇಗಾ ಕೊಬ್ಬು. ನಮ್ಮ ದೇಹ ಅದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಇಪಿಎ ಮಾಡಿಕೊಳ್ಳುತ್ತದೆ, ಡಿಎಚ್‌ಎ ಆಗುವುದಂತೂ ತೀರಾ ಕಡಿಮೆ. ಚಟ್ನಿಪುಡಿ ರುಚಿಗೆ, ನಾರಿನಂಶಕ್ಕೆ ಒಳ್ಳೆಯದು, ಕೀಲುನೋವಿಗೆ ಮೀನೆಣ್ಣೆಯ ಬದಲಿ ಅಲ್ಲ. ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಎಣ್ಣೆ ಬಂದಿದೆ. ಮೀನಿಗೂ ಅದು ಬರುವುದು ಪಾಚಿಯಿಂದಲೇ. ರೇಟು ಮಾತ್ರ ಕೇಳಬೇಡಿ.

ಸಹಜ_ಬದುಕು
ಎಲ್ಲರೂ ಸೇರಿ ಚಿಕ್ಕಮ್ಮನನ್ನು ವಿಲನ್ ಮಾಡುತ್ತಿದ್ದೀರಿ. ಅರಿಶಿನ ನಮ್ಮ ಅಜ್ಜಿಯ ಕಾಲದಿಂದ ಇರುವ ಔಷಧಿ. 2012ರಲ್ಲಿ ಕೇರಳದಲ್ಲಿ ರುಮಟಾಯ್ಡ್ ಇದ್ದವರಿಗೇ ಕರ್ಕ್ಯುಮಿನ್ ಕೊಟ್ಟು ನೋಡಿದ್ದಾರೆ, ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತೆಗೆದುಕೊಂಡವರಿಗಿಂತ ಚೆನ್ನಾಗಿ ಸುಧಾರಿಸಿದ್ದಾರೆ. ಕರಿಮೆಣಸು ಸೇರಿಸಿದರೆ 2000% ಜಾಸ್ತಿ ಹೀರಿಕೊಳ್ಳುತ್ತದೆ ಎಂದು ಕಂಡುಹಿಡಿದದ್ದೂ ಬೆಂಗಳೂರಿನಲ್ಲೇ. ನಮ್ಮದನ್ನು ನಾವೇ ನಂಬದಿದ್ದರೆ ಹೇಗೆ? ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ.

ಲ್ಯಾಬ್_ಕೋಟು
ನೀವು ಹೇಳಿದ ಎರಡೂ ಪ್ರಯೋಗ ನಿಜ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಾನು ಸೂಕ್ಷ್ಮಜೀವಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ, ಊರು ಮೈಸೂರು, ಈಗ ಇರುವುದು ಜರ್ಮನಿಯಲ್ಲಿ. ವೈದ್ಯ ಅಲ್ಲ.

ಕೇರಳದ ಪ್ರಯೋಗದಲ್ಲಿ ಇದ್ದವರು 45 ಮಂದಿ, ಮೂರು ಗುಂಪು. ಎಂಟು ವಾರ. ಹೋಲಿಸಿದ್ದು ಡೈಕ್ಲೋಫೆನಾಕ್ ಜೊತೆ. ಅದು ನೋವಿನ ಮಾತ್ರೆ, ಮೆಥೋಟ್ರೆಕ್ಸೇಟ್ ಕೆಲಸವೇ ಬೇರೆ. ರುಮಟಾಯ್ಡ್‌ನಲ್ಲಿ ದೇಹದ ಕಾವಲುಪಡೆ ತನ್ನದೇ ಕೀಲಿನ ಪೊರೆಯ ಮೇಲೆ ಬೀಳುತ್ತದೆ, ಅದು ಹಾಗೇ ನಡೆಯುತ್ತಿದ್ದರೆ ಮೂಳೆ ಸವೆಯುತ್ತದೆ, ಸವೆದದ್ದು ವಾಪಸ್ ಬರುವುದಿಲ್ಲ. ನೋವು ಕಡಿಮೆ ಇದ್ದರೂ ಸವೆತ ನಡೆಯುತ್ತಿರಬಹುದು. ಆ ಸವೆತವನ್ನು ಕರ್ಕ್ಯುಮಿನ್ ತಡೆಯುತ್ತದೆಯೇ ಎಂದು ಅಲ್ಲಿ ನೋಡಲೇ ಇಲ್ಲ.

ಇನ್ನು ಆ 2000%. ಅದು 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಕೆಲಸ. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರೆ ರಕ್ತದಲ್ಲಿ ಕಾಣಿಸಿದ್ದು ಇಲ್ಲವೇ ಇಲ್ಲ ಎನ್ನುವಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್ (ಕರಿಮೆಣಸಿನ ಸಾರ) ಕೊಟ್ಟಾಗ ಅದು ಇಪ್ಪತ್ತು ಪಟ್ಟು ಆಯಿತು. ಪಾವಲಿಯನ್ನು ಇಪ್ಪತ್ತು ಪಟ್ಟು ಮಾಡಿದರೆ ಐದು ರೂಪಾಯಿ, ಅಷ್ಟೇ. ಆದರೂ ಅದು ಒಳ್ಳೆಯ ಕೆಲಸ, ಪ್ರಪಂಚದ ಎಲ್ಲ ಅರಿಶಿನದ ಡಬ್ಬದ ಮೇಲೂ ಇವತ್ತಿಗೂ ಅದೇ ಸಂಖ್ಯೆ ಕೂತಿದೆ.

ಪೈಪರಿನ್ ಹೇಗೆ ಕೆಲಸ ಮಾಡುತ್ತದೆ ಗೊತ್ತಾ? ಹೊರಗಿನ ವಸ್ತುವನ್ನು ಬೇಗ ಹೊರಹಾಕುವ ಕರುಳು ಮತ್ತು ಲಿವರಿನ ವ್ಯವಸ್ಥೆಯ ಕೈ ಕಟ್ಟಿಹಾಕುತ್ತದೆ. ಆಗ ಕರ್ಕ್ಯುಮಿನ್ ಒಂದೇ ಉಳಿದುಕೊಳ್ಳುವುದಿಲ್ಲ, ನೀವು ನುಂಗುವ ಬೇರೆ ಕೆಲವು ಔಷಧಿಗಳೂ ರಕ್ತದಲ್ಲಿ ಏರುತ್ತವೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಹಾಗೆ ಏರಿದ್ದು ದಾಖಲಾಗಿದೆ.

ಬೆಣ್ಣೆ_ದೋಸೆ
ಸೈಡ್ ಎಫೆಕ್ಟ್ ಇಲ್ಲ ಎಂದವರಿಗೆ ನಮ್ಮ ಮಾವನ ಕಥೆ. 61 ವರ್ಷ, ಮಂಡಿನೋವು, ಬೇರೆ ಏನೂ ಕಾಯಿಲೆ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಅರಿಶಿನ ಕ್ಯಾಪ್ಸೂಲು, ದಿನಕ್ಕೆ ಎರಡು. ಎರಡೂವರೆ ತಿಂಗಳಿಗೆ ಮೂತ್ರ ಕಡು ಬಣ್ಣ, ಕಣ್ಣು ಹಳದಿ. ಎಲ್ಲರೂ ಕಾಮಾಲೆ ಎಂದು ಹಸಿರು ಸೊಪ್ಪಿನ ರಸ ಕುಡಿಸಲು ಹೊರಟಿದ್ದರು. ಹೆಪಟೈಟಿಸ್ ಎ, ಬಿ, ಸಿ, ಇ ಎಲ್ಲ ಟೆಸ್ಟ್ ಮಾಡಿಸಿದೆವು, ಯಾವುದೂ ಇಲ್ಲ. ಕೊನೆಗೆ ಲಿವರ್ ಡಾಕ್ಟರ್ ಒಬ್ಬರು "ಮನೆಯಲ್ಲಿ ಏನೇನು ನುಂಗುತ್ತೀರೋ ಎಲ್ಲ ಚೀಲಕ್ಕೆ ಹಾಕಿಕೊಂಡು ಬನ್ನಿ" ಎಂದರು. ಚೀಲ ತೆರೆದ ಕೂಡಲೇ ಅವರು ಕೈ ಹಾಕಿದ್ದು ಆ ಹಳದಿ ಡಬ್ಬಕ್ಕೆ. ನಿಲ್ಲಿಸಿದ ಮೇಲೆ ಸರಿಹೋಗಲು ಏಳು ವಾರ ಬೇಕಾಯಿತು. ನಾವು ಸಾರಿಗೆ ಹಾಕುವ ಅರಿಶಿನ ಇವತ್ತಿಗೂ ತಿನ್ನುತ್ತಾರೆ, ಏನೂ ಆಗಿಲ್ಲ.

ಲ್ಯಾಬ್_ಕೋಟು
ಇದು ಅಪರೂಪ, ಆದರೆ ಒಬ್ಬಿಬ್ಬರ ಕಥೆ ಅಲ್ಲ. ಇಟಲಿಯಲ್ಲಿ 2019ರಲ್ಲಿ ಇಂಥ ಪ್ರಕರಣಗಳು ಸಾಲಾಗಿ ಬಂದವು, ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಕೆ ಕೊಟ್ಟರು. ಅಮೆರಿಕದಲ್ಲಿ ನೋಡಿದಾಗ ಹೀಗಾದವರಲ್ಲಿ ತುಂಬಾ ಜನಕ್ಕೆ ಒಂದೇ ಜೀನ್ ಗುರುತು ಇತ್ತು, ಎಚ್‌ಎಲ್‌ಎ-ಬಿ 35:01. ಅಂದರೆ ಅದೇ ಡಬ್ಬ ಒಬ್ಬರಿಗೆ ಏನೂ ಮಾಡದೆ ಇನ್ನೊಬ್ಬರ ಲಿವರಿಗೆ ಹೊಡೆಯಬಹುದು. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಸುಮಾರು ನೂರಕ್ಕೆ ಮೂರು ಭಾಗ. ಒಂದು ಟೀ ಚಮಚ ಎಂದರೆ 90 ಮಿಲಿಗ್ರಾಂ ಆಯಿತು. ಆ ಸೇಂಟ್ ಜಾನ್ಸ್ ಪ್ರಯೋಗದ 2 ಗ್ರಾಂ ಬೇಕೆಂದರೆ ಇಪ್ಪತ್ತಕ್ಕೂ ಹೆಚ್ಚು ಚಮಚ ತಿನ್ನಬೇಕು. ಯಾವ ಅಜ್ಜಿಯೂ ಹಾಗೆ ತಿನ್ನಲಿಲ್ಲ, ಯಾರಿಗೂ ತಿನ್ನಿಸಲೂ ಇಲ್ಲ.

ಮತ್ತೆ ಹಾಸನದವರೇ, ಮೆಥೋಟ್ರೆಕ್ಸೇಟ್‌ಗೂ ಲಿವರ್ ಮೇಲೆ ಕಣ್ಣಿಡಬೇಕು, ಅದಕ್ಕೇ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದರ ಜೊತೆ ಇದನ್ನೂ ಹಾಕಿಕೊಂಡರೆ, ಎಲ್‌ಎಫ್‌ಟಿ (ಲಿವರ್ ರಕ್ತಪರೀಕ್ಷೆಯ ಅಂಕಿ) ಏರಿದಾಗ ಯಾವುದರಿಂದ ಏರಿತು ಎಂದೇ ಗೊತ್ತಾಗುವುದಿಲ್ಲ. ಪಾಪ ಡಾಕ್ಟರ್ ಒಳ್ಳೆ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ.

ಸಹಜ_ಬದುಕು
ಸರಿ, ಲಿವರ್ ವಿಷಯ ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ನನ್ನ ಸ್ವಂತ ಮಂಡಿನೋವು ಅರಿಶಿನದಿಂದ ಕಡಿಮೆಯಾಗಿದೆ, ಅದನ್ನು ಯಾರೂ ಸುಳ್ಳು ಎನ್ನಬೇಡಿ.

ಮಾತ್ರೆ_ಅಂಗಡಿ
ಸುಳ್ಳು ಎಂದು ಯಾರು ಹೇಳಿದರು ಸಾರ್. ಮಂಡಿ ಸವೆತದ ನೋವಿಗೆ ಸ್ವಲ್ಪ ಸಹಾಯ ಆಗುತ್ತದೆ ಎಂದು ಸಣ್ಣ ಪುಟ್ಟ ಪ್ರಯೋಗಗಳೂ ಇವೆ. ನಿಮ್ಮದು ಸವೆತ, ಈ ಅಮ್ಮನದು ರುಮಟಾಯ್ಡ್. ಎರಡಕ್ಕೂ ನಾವು ಕೀಲುನೋವು ಎಂದೇ ಕರೆಯುತ್ತೇವೆ, ತಾಪತ್ರಯ ಶುರುವಾಗುವುದೇ ಅಲ್ಲಿ. "ಉರಿಯೂತ" ಎಂಬ ಪದವೂ ಹಾಗೇ ಆಗಿದೆ. ಹಲ್ಲಿನ ವಸಡು ಊದಿದರೂ ಉರಿಯೂತ, ಕರುಳಿನ ಹುಣ್ಣೂ ಉರಿಯೂತ, ಡಬ್ಬ ಮಾರುವವರಿಗೆ ಸುಸ್ತು, ಗ್ಯಾಸು, ಕೂದಲು ಉದುರುವುದು ಕೂಡ ಉರಿಯೂತ.

ಮೊಸರನ್ನ_ಪಾರ್ಟಿ
ಪ್ರೋಬಯಾಟಿಕ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನನ್ನ ಪ್ರಶ್ನೆ ಸಿಂಪಲ್. ದಿನಾ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು ತಿನ್ನುವವರಿಗೆ ಆ ಡಬ್ಬ ಯಾಕೆ ಬೇಕು? ಮೊಸರಲ್ಲೂ ಅದೇ ಬ್ಯಾಕ್ಟೀರಿಯಾ ತಾನೆ? ಇಡ್ಲಿ ಹಿಟ್ಟು, ಅಂಬಲಿ, ತಂಗಳನ್ನ, ಇವೆಲ್ಲ ಏನು ಹಾಗಾದರೆ?

ಲ್ಯಾಬ್_ಕೋಟು
ನನಗೆ ಪ್ರೀತಿಯ ವಿಷಯ, ಉದ್ದ ಬರೆದರೆ ಕ್ಷಮಿಸಿ.

ಪ್ರೋಬಯಾಟಿಕ್ ಎನ್ನಬೇಕಾದರೆ ಯಾವ ತಳಿ ಎಂದು ಗೊತ್ತಿರಬೇಕು, ಬದುಕಿರಬೇಕು, ಸಾಕಷ್ಟು ಸಂಖ್ಯೆಯಲ್ಲಿರಬೇಕು, ಆ ತಳಿಯಿಂದ ಪ್ರಯೋಜನ ಆಗಿದ್ದು ತೋರಿಸಿರಬೇಕು. ನಿಮ್ಮ ಮನೆಯ ಹೆಪ್ಪಿನಲ್ಲಿ ಯಾರ್ಯಾರು ಇದ್ದಾರೆ ಎಂದು ಯಾರಿಗೂ ಗೊತ್ತಿಲ್ಲ, ಪಕ್ಕದ ಮನೆಯಿಂದ ಹೆಪ್ಪು ತಂದರೆ ಬೇರೆಯವರೇ ಇರುತ್ತಾರೆ. ಹಾಗಾಗಿ ಮೊಸರಿಗೆ ಆ ಹಣೆಪಟ್ಟಿ ಸಿಗುವುದಿಲ್ಲ. ಒಳ್ಳೆಯದಲ್ಲ ಎಂದೇನೂ ಅಲ್ಲ. ಇಡ್ಲಿ ಹಿಟ್ಟಿನಲ್ಲಿ ಬೇಕಾದಷ್ಟು ಜೀವಿಗಳಿರುತ್ತವೆ, ಹಬೆಗೆ ಇಟ್ಟ ಮೇಲೆ ಅವು ಸಾಯುತ್ತವೆ. ಮಜ್ಜಿಗೆ ಸೇರಿಸಿದ ಅಂಬಲಿ, ತಂಗಳನ್ನ, ಇವುಗಳಲ್ಲಿ ಜೀವ ಇರುತ್ತದೆ. ಮಜ್ಜಿಗೆಹುಳಿ ಕುದಿಸಿದರೆ ಅದೂ ಮುಗಿಯಿತು.

2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಾರಿನ ಊಟ, ಇನ್ನೊಂದಕ್ಕೆ ಮೊಸರು, ಕೆಫಿರ್, ಕಿಮ್ಚಿ ಥರದ ಹುದುಗಿಸಿದ್ದು, 10 ವಾರ ಕೊಟ್ಟರು. ಹುದುಗಿಸಿದ್ದು ತಿಂದವರ ಕರುಳಲ್ಲಿ ಜೀವಿಗಳ ವೈವಿಧ್ಯ ಏರಿತು, ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಪಟ್ಟ 19 ಪ್ರೋಟೀನ್ ಇಳಿದವು. ದಿನಕ್ಕೆ ಆರು ಸಲದಷ್ಟು ತಿಂದಿದ್ದರು. ಅವರಿಗೆ ಕಾಯಿಲೆ ಇರಲಿಲ್ಲ ಎಂಬುದು ನೆನಪಿರಲಿ.

ರುಮಟಾಯ್ಡ್‌ಗೇ ನೋಡಿದ್ದೂ ಇದೆ. ಇರಾನ್‌ನಲ್ಲಿ 2014ರಲ್ಲಿ 46 ಹೆಂಗಸರಿಗೆ ಲ್ಯಾಕ್ಟೋಬ್ಯಾಸಿಲಸ್ ಕೇಸಿಯೈ 01 ಎಂಬ ಒಂದೇ ತಳಿ, ಎಂಟು ವಾರ. ಕಾಯಿಲೆ ಎಷ್ಟು ಜೋರಾಗಿದೆ ಎಂದು ಅಳೆಯುವ ಅಂಕ ಸ್ವಲ್ಪ ಇಳಿಯಿತು. ಆದರೆ ಅವರು ತಮ್ಮ ಮಾಮೂಲಿ ಮಾತ್ರೆ ನುಂಗುತ್ತಲೇ ಇದ್ದರು. ಇದನ್ನು ಚಿಕ್ಕಮ್ಮನಿಗೆ ಓದಿ ಹೇಳಿ.

ಮೊಸರನ್ನ_ಪಾರ್ಟಿ
ಅಂದರೆ ಹತ್ತು ತಳಿ ಇದ್ದರೆ ಒಂದು ತಳಿಗಿಂತ ಹತ್ತು ಪಟ್ಟು ಒಳ್ಳೆಯದು ಅಲ್ಲ?

ಲ್ಯಾಬ್_ಕೋಟು
ಅಲ್ಲ. ಕ್ರಿಕೆಟ್ ಟೀಮಿಗೆ ಯಾರನ್ನಾದರೂ ಹನ್ನೊಂದು ಜನ ಹಿಡಿದು ತಂದಂತೆ ಆಗುತ್ತದೆ. ಡಬ್ಬದ ಮೇಲೆ ಜಾತಿಯ ಹೆಸರಿದ್ದು ತಳಿಯ ನಂಬರ್ ಇಲ್ಲದಿದ್ದರೆ ಯಾವ ಪ್ರಯೋಗಕ್ಕೂ ಹೋಲಿಸಿ ನೋಡಲು ಆಗುವುದಿಲ್ಲ. ತಳಿ ಗೊತ್ತಿದ್ದು ಕೆಲಸ ಮಾಡಿದ್ದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗ, 2017ರಲ್ಲಿ ಪ್ರಕಟವಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟರಮ್‌ನ ಒಂದು ತಳಿ, ಜೊತೆಗೆ ಅದಕ್ಕೆ ತಿನ್ನಲು ಒಂದು ಬಗೆಯ ಸಕ್ಕರೆ, ಒಂದೇ ವಾರ ಕೊಟ್ಟಿದ್ದು. ರಕ್ತದ ನಂಜು ಅಥವಾ ಸಾವು 9% ಇದ್ದದ್ದು 5.4%ಗೆ ಇಳಿಯಿತು. ನಾನು ಈ ವಿಷಯ ಓದಬೇಕೆಂದು ಹೊರಟಿದ್ದೇ ಅದನ್ನು ನೋಡಿ. ಆದರೆ ಇದನ್ನೇ ಹಿಡಿದುಕೊಂಡು 56 ವರ್ಷದವರ ಕೀಲುನೋವಿಗೆ ಪುಡಿ ಮಾರಲು ಬರುವುದಿಲ್ಲ.

ತುಮಕೂರು_ತಟ್ಟೆಇಡ್ಲಿ
ನನಗೆ ಅಲ್ಸರೇಟಿವ್ ಕೋಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆ), ಆರು ವರ್ಷ ಆಯಿತು. ಹಾಸನದ ಅಮ್ಮ ಮಾಡಿದ್ದನ್ನೇ ನಾನೂ ಮಾಡಿದ್ದೆ. ಒಂದು "ಕರುಳು ಶುದ್ಧಿ" ಕೋರ್ಸಿಗೆ ಸೇರಿ, ಪ್ರೋಬಯಾಟಿಕ್ ಪುಡಿ ತೆಗೆದುಕೊಂಡು ಡಾಕ್ಟರ್ ಕೊಟ್ಟ ಮೆಸಲಮಿನ್ ಮಾತ್ರೆ ನಿಲ್ಲಿಸಿದೆ. ಮೊದಲ ಎರಡು ತಿಂಗಳು ಸ್ವರ್ಗ. ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಇಬ್ಬರು ಸ್ನೇಹಿತರನ್ನೂ ಸೇರಿಸಿದೆ, ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ. ಮೂರನೇ ತಿಂಗಳು ರಕ್ತಭೇದಿ, ದಿನಕ್ಕೆ ಹನ್ನೆರಡು ಸಲ, ಆಫೀಸಿನ ಬಾತ್‌ರೂಮಿನಲ್ಲೇ ಅತ್ತಿದ್ದೇನೆ. ಕೋರ್ಸಿನವರಿಗೆ ಫೋನ್ ಮಾಡಿದರೆ "ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬರುತ್ತಿದೆ, ಒಳ್ಳೆ ಲಕ್ಷಣ" ಎಂದರು. ಸ್ಟೆರಾಯ್ಡ್ ಕೊಟ್ಟು ಹತೋಟಿಗೆ ತರಬೇಕಾಯಿತು, ಆಸ್ಪತ್ರೆಯಲ್ಲಿ ಹನ್ನೊಂದು ದಿನ.

ಆ ಎರಡು ತಿಂಗಳು ಯಾಕೆ ಚೆನ್ನಾಗಿತ್ತು ಎಂದು ಆಮೇಲೆ ಡಾಕ್ಟರ್ ಹೇಳಿದರು. ಮಾತ್ರೆ ನಿಲ್ಲಿಸಿದ ಮಾರನೇ ದಿನವೇ ಕಾಯಿಲೆ ತಿರುಗಿ ಬರುವುದಿಲ್ಲ, ಅದುವರೆಗೆ ತೆಗೆದುಕೊಂಡಿದ್ದರಿಂದ ಆರಿದ ಗಾಯ ಸ್ವಲ್ಪ ದಿನ ಹಾಗೇ ಇರುತ್ತದೆ. ಆ ಸಮಯದಲ್ಲಿ ಯಾವ ಪುಡಿ ನುಂಗಿದರೂ ಹೆಸರು ಅದಕ್ಕೇ.

ಹಾಸನದ_ಹುಡುಗ
ನೀವು ಬರೆದ ಕೊನೆಯ ಮಾತನ್ನು ಹಾಗೇ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಸುಮ್ಮನಾದರು. ಆಮೇಲೆ "ನಿನ್ನೆಯಿಂದ ಬಲಗೈ ಮಣಿಕಟ್ಟು ಊದಿದೆ, ಹೇಳಿದರೆ ನೀನು ಬೈತೀಯ ಅಂತ ಹೇಳಲಿಲ್ಲ" ಅಂದರು.

ಲ್ಯಾಬ್_ಕೋಟು
ಬೇಗ ತೋರಿಸಿ. ತುಮಕೂರಿನವರೇ, ನಿಮ್ಮ ಕಾಯಿಲೆಗೆ ಸಂಬಂಧಪಟ್ಟ ಒಂದು ವಿಚಿತ್ರ ಇಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸುತ್ತಲಿನವರೆಲ್ಲ ಭೇದಿಯಿಂದ ಬಿದ್ದಾಗ ಒಬ್ಬ ಸೈನಿಕನಿಗೆ ಮಾತ್ರ ಏನೂ ಆಗಿರಲಿಲ್ಲ. ಅವನ ಮಲದಿಂದ ಆಲ್ಫ್ರೆಡ್ ನಿಸ್ಲೆ ಎಂಬ ವೈದ್ಯ 1917ರಲ್ಲಿ ಒಂದು ಇ ಕೋಲಿ ತಳಿ ತೆಗೆದರು. ಅದನ್ನು ಇಲ್ಲಿ ಜರ್ಮನಿಯಲ್ಲಿ ಇವತ್ತಿಗೂ ಮಾತ್ರೆಯಾಗಿ ಕೊಡುತ್ತಾರೆ. ಕೋಲೈಟಿಸ್ ಒಮ್ಮೆ ತಣ್ಣಗಾದ ಮೇಲೆ ಹಾಗೇ ಕಾಯ್ದುಕೊಳ್ಳಲು ಅದು ಮೆಸಲಮಿನ್‌ನಷ್ಟೇ ಕೆಲಸ ಮಾಡಿದ್ದನ್ನು 2004ರ ಪ್ರಯೋಗ ತೋರಿಸಿತು. ಒಂದೇ ತಳಿ, ಒಂದೇ ಕಾಯಿಲೆ, ಡಾಕ್ಟರ ಕೈಯಲ್ಲಿ. ಆದರೂ ಅಮೆರಿಕದ ಕರುಳು ತಜ್ಞರ ಸಂಘ 2020ರಲ್ಲಿ, ಕೋಲೈಟಿಸ್ ಮತ್ತು ಕ್ರೋನ್ಸ್ ಎಂಬ ಇನ್ನೊಂದು ಕರುಳಿನ ಕಾಯಿಲೆಗೆ ಪ್ರೋಬಯಾಟಿಕ್ ಬೇಕಿದ್ದರೆ ಪ್ರಯೋಗದಲ್ಲಿ ಮಾತ್ರ ಕೊಡಿ ಎಂದಿತು.

ಧಾರವಾಡ_ಪೇಡೆ
ಆಂಟಿಬಯಾಟಿಕ್ ಬರದು ಕೊಟ್ಟಾಗ ಡಾಕ್ಟರೇ ಒಂದು ಸಣ್ಣ ಬಾಟ್ಲಿ ಇಲ್ಲಾ ಪಾಕೀಟು ಕೊಡತಾರಲ್ರಿ, ಅದೂ ಬ್ಯಾಡೇನು?

ಮಾತ್ರೆ_ಅಂಗಡಿ
ಅದು ಬೇರೆ ಲೆಕ್ಕ. ಆಂಟಿಬಯಾಟಿಕ್‌ನಿಂದ ಭೇದಿ ಆಗದಿರಲಿ ಎಂದು ಕೆಲವು ದಿನಕ್ಕೆ ಕೊಡುತ್ತಾರೆ. ಆ ಪಾಕೀಟಿನಲ್ಲಿ ಹೆಚ್ಚಾಗಿ ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್ ಇರುತ್ತದೆ, ಆಂಟಿಬಯಾಟಿಕ್ ಅದನ್ನು ಕೊಲ್ಲುವುದಿಲ್ಲ. ಆದರೆ ಐಸಿಯುನಲ್ಲಿ ಇರುವವರಿಗೆ, ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕಿದವರಿಗೆ ಅದೇ ಯೀಸ್ಟ್ ರಕ್ತಕ್ಕೆ ಇಳಿದು ಸೋಂಕು ಮಾಡಿದ್ದಿದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರೂ ಕೇಳಿಯೇ ಶುರು ಮಾಡಬೇಕು, ನಿಮ್ಮ ಅಮ್ಮ ಆ ಸಾಲಿನಲ್ಲೇ ಬರುತ್ತಾರೆ.

ಕರಾವಳಿ_ಅಕ್ಕ
ಇನ್ನೊಂದು. ಡಬ್ಬವಾದರೂ ಪರವಾಗಿಲ್ಲ, ಹೆಸರು ಇಲ್ಲದ ಪೊಟ್ಟಣದ ಪುಡಿ ಬಂದರೆ ಬಾಗಿಲಿಂದಾಚೆಗೆ ಎಸೆಯಿರಿ. ನಮ್ಮ ದೊಡ್ಡಮ್ಮ ಒಂದು ನಾಟಿ ಪುಡಿ ತಿಂದು ಎರಡೇ ದಿನದಲ್ಲಿ ನೋವು ಮಾಯ, ಆರು ತಿಂಗಳಿಗೆ ಮುಖ ಚಂದ್ರನ ಹಾಗೆ ಊದಿತು, ಶುಗರ್ ಬಂತು. ಅದರೊಳಗೆ ಸ್ಟೆರಾಯ್ಡ್ ಇದ್ದಿರಬೇಕು ಎಂದರು ಡಾಕ್ಟರ್.

ಮಾತ್ರೆ_ಅಂಗಡಿ
ನೂರಕ್ಕೆ ನೂರು ಸರಿ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಕರಾದ ಎಫ್‌ಡಿಎ ಕೂಡ ಕೀಲುನೋವಿನ ಒಂದು "ಗಿಡಮೂಲಿಕೆ" ಮಾತ್ರೆಯಲ್ಲಿ ಡೆಕ್ಸಮೆಥಸೋನ್ ಎಂಬ ಸ್ಟೆರಾಯ್ಡ್, ಡೈಕ್ಲೋಫೆನಾಕ್ ಎರಡನ್ನೂ ಹಿಡಿಯಿತು. ಎರಡೇ ದಿನದಲ್ಲಿ ಗುಣ ಎಂದರೆ ನನಗೆ ಮೊದಲು ಬರುವುದೇ ಆ ಅನುಮಾನ. ಅಂಥದ್ದನ್ನು ಸುಮಾರು ದಿನ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಡಾಕ್ಟರಿಗೆ ಹೇಳಿ ಇಳಿಸಬೇಕು.

ವಿಟಮಿನ್ ಡಿ ಬಗ್ಗೆಯೂ ಹೇಳಿಬಿಡುತ್ತೇನೆ, ಮುಂದಿನ ಪ್ರಶ್ನೆ ಅದೇ ಬರುತ್ತದೆ. ಅಮೆರಿಕದಲ್ಲಿ 25,871 ಜನರ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 2000 ಯೂನಿಟ್ ಐದು ವರ್ಷ ತೆಗೆದುಕೊಂಡವರಿಗೆ ರುಮಟಾಯ್ಡ್ ಥರದ ಕಾಯಿಲೆ ಹೊಸದಾಗಿ ಬರುವುದು 22% ಕಡಿಮೆಯಾಯಿತು. ಬರುವುದು, ಇದ್ದದ್ದು ಹೋಗುವುದಲ್ಲ. ನಮ್ಮಲ್ಲಿ ಸಿಗುವ 60,000 ಯೂನಿಟ್ಟಿನದು ವಾರಕ್ಕೊಂದು. ಅದನ್ನು ದಿನಾ ಹಾಲಿಗೆ ಬೆರೆಸಿ ಕುಡಿದು ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಮಾಡಿಕೊಂಡವರು ನನ್ನ ಗಿರಾಕಿಗಳಲ್ಲೇ ಇದ್ದಾರೆ.

ಹಾಸನದ_ಹುಡುಗ
ಐದು ವಾರ ಆಯಿತು, ಏನಾಯಿತು ಎಂದು ಹೇಳಬೇಕಲ್ಲ. ರುಮಟಾಲಜಿಸ್ಟ್ (ಕೀಲಿನ ಡಾಕ್ಟರ್) ಬೈಯ್ಯಲಿಲ್ಲ, ಅಮ್ಮ ಅದಕ್ಕೇ ತುಂಬಾ ಹೆದರಿದ್ದರು. ಮೂರೂ ಡಬ್ಬ ಮೇಜಿನ ಮೇಲೆ ಇಡಿಸಿದರು. ಉರಿಯೂತ ತೋರಿಸುವ ರಕ್ತಪರೀಕ್ಷೆ ಇಎಸ್‌ಆರ್, ಸಿಆರ್‌ಪಿ ಎರಡೂ ಏರಿತ್ತು, ಎಲ್‌ಎಫ್‌ಟಿ ಸ್ವಲ್ಪ ಮೇಲಿತ್ತು. ಕರ್ಕ್ಯುಮಿನ್ ಅಲ್ಲೇ ನಿಲ್ಲಿಸಿದರು. ಪ್ರೋಬಯಾಟಿಕ್ ಬೇಕಿಲ್ಲ, ಮಜ್ಜಿಗೆ ಕುಡಿಯಿರಿ ಎಂದರು. ಎರಡು ವಾರ ಬಿಟ್ಟು ಎಲ್‌ಎಫ್‌ಟಿ ಮತ್ತೆ ನೋಡಿ, ಸರಿಯಾದ ಮೇಲೆ ಮೆಥೋಟ್ರೆಕ್ಸೇಟ್ ಶುರು. ಮಣಿಕಟ್ಟಿನ ಊತ ಇಳಿಯುತ್ತಿದೆ, ಪೂರ್ತಿ ಇಲ್ಲ. ಮೊದಲಿನಂತಾಗಲು ಎರಡು ಮೂರು ತಿಂಗಳು ಎಂದಿದ್ದಾರೆ. ಸದ್ಯಕ್ಕೆ ಮುದ್ದೆ ಅಪ್ಪ ತಿರುವುತ್ತಿದ್ದಾರೆ, ಗಂಟು ಗಂಟು.

ಮೀನೆಣ್ಣೆ ವಿಷಯ ಡಾಕ್ಟರ್ ಬಾಯಿಂದಲೇ ಹೊರಬಿತ್ತು. ಅಮ್ಮ ಮನೆಗೆ ಬಂದು ಸ್ನಾನ ಮಾಡಿದರು. ಚಿಕ್ಕಮ್ಮನ ಜೊತೆ ಒಂದು ವಾರ ಮಾತು ಇರಲಿಲ್ಲ, ಈಗ ಸರಿಹೋಗಿದೆ. ಉಳಿದ ಡಬ್ಬ ಅವರೇ ತೆಗೆದುಕೊಂಡು ಹೋದರು, ದುಡ್ಡಿನ ಮಾತು ಯಾರೂ ಎತ್ತಿಲ್ಲ.

ಮಾತ್ರೆ_ಅಂಗಡಿ
ಫೋಲಿಕ್ ಆ್ಯಸಿಡ್ ಬರೆದಿದ್ದಾರಾ? ಅದೂ ಮೆಥೋಟ್ರೆಕ್ಸೇಟೂ ಎರಡೂ ಸಣ್ಣ ಹಳದಿ ಮಾತ್ರೆ ಬಂದರೆ ವಯಸ್ಸಾದವರು ಅದಲು ಬದಲು ಮಾಡುತ್ತಾರೆ.

ಹಾಸನದ_ಹುಡುಗ
ಬರೆದಿದ್ದಾರೆ ಸಾರ್. ಅದಕ್ಕೇ ಮೆಥೋಟ್ರೆಕ್ಸೇಟ್ ಪಟ್ಟಿಯನ್ನು ಅಪ್ಪನ ಬೀರುವಿನಲ್ಲಿ ಇಟ್ಟಿದ್ದೇವೆ. ಭಾನುವಾರ ಬೆಳಗ್ಗೆ ತಿಂಡಿ ಆದಮೇಲೆ ಅಪ್ಪನೇ ತೆಗೆದು ಕೈಗೆ ಕೊಡುತ್ತಾರೆ, ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಾರೆ.